ಕೊಟ್ಟಿಗೆಯ ಜೀಪು, ಅಪ್ಪನ ಕಿವಿ

ವಳಸಂಗದ ನಮ್ಮ ಮನೆಯಲ್ಲಿ ಎತ್ತು ಕಟ್ಟುವ ಜಾಗದಲ್ಲಿ ಜೀಪು ನಿಲ್ಲುತ್ತಿತ್ತು. ಮಣ್ಣಿನ ಮಾಳಿಗೆಯ ಮನೆ ಅದು. ತಲಬಾಗಿಲು ದಾಟಿದ ಕೂಡಲೇ ಎಡಗಡೆ ಕೊಟ್ಟಿಗೆ, ಬಲಗಡೆ ದೊಡ್ಡಪ್ಪನ ಕಿರಾಣಿ ಅಂಗಡಿಯ ಹಿಂಬಾಗಿಲು, ಎದುರಿಗೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ. ಜೀಪು ಒಳಗೆ ಬರಲೆಂದು ಕೊಟ್ಟಿಗೆಯ ಬೀದಿಗೋಡೆಯನ್ನು ಒಡೆದು, ಒಡೆದಲ್ಲಿ ಬೇವಿನ ತೊಲೆ ಕೊಟ್ಟು, ಗೋಣಿತಟ್ಟಿನ ಪರದೆ ಇಳಿಬಿಟ್ಟಿದ್ದರು. ಗೋದಲಿ ಮಾತ್ರ ಹಾಗೆಯೇ ಉಳಿದಿತ್ತು. ಅದರ ಅರ್ಧದಲ್ಲಿ ಎಮ್ಮೆಗೆ ಹಾಕಿದ ಮೇವು, ಇನ್ನರ್ಧದಲ್ಲಿ ಅಪ್ಪನ ಪಾನಾ, ಸುತ್ತಿಗೆ, ಗ್ರೀಸಿನ ಡಬ್ಬಿ. ಎಮ್ಮೆ ಜೀಪಿನ ಮಗ್ಗುಲಿಗೇ ಮಲಗುತ್ತಿತ್ತು, ಬೇಸರವಾದಾಗ ಅದರ ಮೈಮೇಲಿನ ಧೂಳು ನೆಕ್ಕುತ್ತಿತ್ತು. ಹಾಲಿಗೆಲ್ಲ ಪೆಟ್ರೋಲಿನ ವಾಸನೆ ಹತ್ತುತ್ತದೆಂದು ದೊಡ್ಡವ್ವ ಮೂಗು ಮುರಿಯುತ್ತಿದ್ದಳು. ನನಗೋ ಇವತ್ತಿಗೂ ಹಸಿ ಹಾಲು, ಪೆಟ್ರೋಲು ಎರಡೂ ಒಂದೇ ಮನೆಯ ವಾಸನೆ.

ಅಪ್ಪ ರಾಚಪ್ಪ, ನಾನು ಅವ್ವನ ಹೊಟ್ಟೆಯಲ್ಲಿದ್ದಾಗಲೇ ಪಲ್ಟನ್ನಿಗೆ ಸೇರಿ ಹೋದವನು. ಎಲ್ಲಿದ್ದಾನೆ ಎಂಬುದು ಮನೆಯವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಬರ್ಮಾದ ಕಾಡಿನಲ್ಲಿ ಮೋಟಾರು ಓಡಿಸುತ್ತಾನೆ, ಕೆಟ್ಟರೆ ತಾನೇ ರಿಪೇರಿ ಮಾಡುತ್ತಾನೆ ಎಂದು ಯಾರ ಕೈಯಲ್ಲೋ ಕಳಿಸಿದ ಒಂದು ಕಾಗದ ಬಂದಿತ್ತಂತೆ. ನನಗೆ ಐದು ತುಂಬುವ ಹೊತ್ತಿಗೆ ತಿರುಗಿ ಬಂದ. ಮುಂದೆ ಒಂದೆರಡು ಸುಗ್ಗಿ ಕಳೆದ ಮೇಲೆ, ಯುದ್ಧದಲ್ಲಿ ಉಳಿದ ಮೋಟಾರುಗಳನ್ನು ಸರ್ಕಾರ ಪುಣೆಯಲ್ಲಿ ಲಿಲಾವು ಕೂಗಿ ಮಾರುತ್ತದೆಂದು ಕೇಳಿ ಹೋದವನು ಈ ಜೀಪು ಓಡಿಸಿಕೊಂಡೇ ಊರಿಗೆ ಬಂದ. ಅದರ ಮುಂಭಾಗದ ಮೇಲೆ ಪಲ್ಟನ್ನಿನ ಐದು ಮೂಲೆಯ ಬಿಳಿ ಚಿಕ್ಕಿಯೊಂದನ್ನು ಒರೆಸಿ ಅಳಿಸಿದ ಗುರುತಿತ್ತು. ಆಗ ಜತ್ತದಿಂದ ನಮ್ಮ ಕಡೆಗೆ ಇದ್ದದ್ದು ಬಂಡಿಯ ದಾರಿ. ನಡುನಡುವೆ ಹಳ್ಳ, ಗುಂಡುಗಲ್ಲು, ಮಳೆ ಬಿದ್ದರೆ ಮೊಣಕಾಲುದ್ದ ಕರಿಮಣ್ಣಿನ ರಾಡಿ. ಬೇರೆ ಮೋಟಾರುಗಳು ಹೂತು ನಿಲ್ಲುವಲ್ಲಿ ಜೀಪು ದಾಟುತ್ತಿತ್ತು. ಗೇರಿನ ದೊಡ್ಡ ಪೆಟ್ಟಿಗೆಯ ಹಿಂದೆ ಅದಕ್ಕೆ ಇನ್ನೊಂದು ಸಣ್ಣ ಪೆಟ್ಟಿಗೆ ಇತ್ತು, ಅದಕ್ಕೆ ಬೇರೆಯೇ ಎರಡು ಹಿಡಿಕೆ. ಆ ಹಿಡಿಕೆ ಎಳೆದರೆ ಮುಂದಿನ ಗಾಲಿಗಳೂ ನೆಲ ಕಚ್ಚಿ ಎಳೆಯುತ್ತಿದ್ದವು. ಅಪ್ಪ ಅದರಲ್ಲಿ ಜನರನ್ನು ಕೂಡಿಸಿಕೊಂಡು ಜತ್ತ, ಮುಚ್ಚಂಡಿ, ಡಫಳಾಪುರ ತಿರುಗುತ್ತಿದ್ದ. ಸಂತೆಗೆ, ದವಾಖಾನೆಗೆ, ಬೀಗರ ಊರಿಗೆ, ಎಲ್ಲದಕ್ಕೂ ಅದೇ. ನಮ್ಮೂರಲ್ಲಿ ನನಗಿಂತ ಸಣ್ಣವರು ಮೂವರು ಜೀಪಿನಲ್ಲೇ ಹುಟ್ಟಿದವರಿದ್ದಾರೆ.

ಅಪ್ಪ ಮಾತು ಕಡಿಮೆ. ಆಡಿದರೂ ಎಷ್ಟು ಮೆಲ್ಲಗೆಂದರೆ ಎದುರಿನವರು ಒಂದು ಹೆಜ್ಜೆ ಮುಂದೆ ಬರಬೇಕು. ಪಲ್ಟನ್ನಿಗೆ ಹೋಗಿ ಸಾಹೇಬನಾಗಿದ್ದಾನೆ ಎಂದು ಊರಲ್ಲಿ ಅನ್ನುತ್ತಿದ್ದರು. ಊಟಕ್ಕೆ ಕೂಡುವಾಗ ಬೆನ್ನಿಗೆ ಗೋಡೆ ಮಾಡಿಕೊಂಡು, ಎಲ್ಲರ ಮುಖ ಕಾಣುವ ಹಾಗೆ ಕೂಡುತ್ತಿದ್ದ. ಮಾತಾಡುವವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದ. ಇದೆಲ್ಲ ನನಗೆ ಆಗ ಹೊಳೆಯಲಿಲ್ಲ. ನನಗೆ ಕಂಡದ್ದು ಒಂದೇ. ದೊಡ್ಡಪ್ಪನನ್ನು ಅವನ ಮಕ್ಕಳು ಕರೆದರೆ ಅಂಗಡಿಯ ಒಳಗಿನಿಂದಲೇ ಓ ಎನ್ನುತ್ತಿದ್ದ. ನಮ್ಮಪ್ಪ ಮಾತ್ರ ನಾನು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಹೆಣ್ಣು ಹುಟ್ಟಿತೆಂದು ಇವನಿಗೆ ಸಿಟ್ಟು ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಒಂದು ದಿನ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದವನಿಗೆ ನೀರು ತಂದು ಬೆನ್ನ ಹಿಂದೆ ನಿಂತು ಐದಾರು ಸಲ ಕರೆದೆ. ಓಗೊಡಲಿಲ್ಲ. ತಂಬಿಗೆಯನ್ನು ಅಲ್ಲೇ ಕುಕ್ಕಿ ಅಡಿಗೆಮನೆಗೆ ಓಡಿಹೋಗಿ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತೆ. ಅವ್ವ ಜೋಳ ಬೀಸುತ್ತಿದ್ದಳು. ಕಲ್ಲು ನಿಲ್ಲಿಸಿ, ಹೊರಗೆ ಯಾರಿದ್ದಾರೆ ಎಂದು ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು:

“ನಿಮ್ಮಪ್ಪಗ ಕಿವಿ ಕೇಳಂಗಿಲ್ಲ ನೀಲಾ. ಬಾಂಬು ಬಿದ್ದಾಗ ಹೋಗ್ಯಾವ. ಯಾರ ಮುಂದೂ ಆಡಬ್ಯಾಡ. ಮಂದಿಗೆ ತಿಳೀತಂದ್ರ ಜೀಪಿನ್ಯಾಗ ಯಾರೂ ಕುಂದ್ರಂಗಿಲ್ಲ.”

ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಅಪ್ಪನಿಗೆ ನನ್ನ ಮೇಲೆ ಸಿಟ್ಟಿಲ್ಲ ಎಂಬುದೊಂದೇ ತಲೆಯಲ್ಲಿ ಕುಣಿಯುತ್ತಿತ್ತು. ಅವತ್ತಿನಿಂದ ನಾನು ಅವನ ಎದುರಿಗೆ ಹೋಗಿ ನಿಂತೇ ಮಾತಾಡುವುದನ್ನು ಕಲಿತೆ. ಕಿವುಡರು ಸಾಮಾನ್ಯವಾಗಿ ಒದರಿ ಮಾತಾಡುತ್ತಾರೆ, ಇವನು ಪಿಸುಗುಡುತ್ತಿದ್ದ. ಹೀಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಬಹಳ ವರ್ಷಗಳ ಮೇಲೆ ಡಾಕ್ಟರರೊಬ್ಬರು ಅದರ ಗುಟ್ಟು ಬಿಡಿಸಿ ಹೇಳಿದರು. ಅಪ್ಪನ ಕಿವಿಯ ತಮಟೆ ಹರಿದಿತ್ತು, ಒಳಗಿನ ಕಿವಿ ಸತ್ತಿರಲಿಲ್ಲ. ಹೊರಗಿನ ದನಿ ಒಳಗೆ ಹೋಗದಿದ್ದರೂ ಅವನ ಸ್ವಂತ ದನಿ ತಲೆಬುರುಡೆಯ ಎಲುಬಿನಲ್ಲಿ ಗುಡಿಯ ಗಂಟೆಯಂತೆ ಮೊಳಗುತ್ತಿತ್ತು. ಅದಕ್ಕೇ ಮೆಲ್ಲಗೆ ಮಾತಾಡುತ್ತಿದ್ದ. ನಾನು ಸಣ್ಣವಳಿದ್ದಾಗ ಈ ಸಂಗತಿ ಅವನಿಗಾಗಲಿ ನಮಗಾಗಲಿ ಗೊತ್ತಿರಲಿಲ್ಲ.

ನಮ್ಮ ಮನೆಯ ಜಗಳಗಳೆಲ್ಲ ಊಟದ ಗಂಗಾಳದ ಮುಂದೆಯೇ ಆಗುತ್ತಿದ್ದವು. ಹಿರಿಯನಾದ ದೊಡ್ಡಪ್ಪ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಮೊದಲು ಕೂಡಬೇಕು, ಆಮೇಲೆ ಅಪ್ಪ, ಆಮೇಲೆ ನಾವು ಮಕ್ಕಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಕೊನೆಗೆ ಮಜ್ಜಿಗೆ. ಪಲ್ಯ ಬಡಿಸಿ ಆಗುವಷ್ಟರಲ್ಲಿ ದೊಡ್ಡಪ್ಪ ಜೀಪಿನ ವಿಷಯಕ್ಕೆ ಬರುತ್ತಿದ್ದ. ಎತ್ತು ಇದ್ದರೆ ಹೊಲವಾದರೂ ಉಳುತ್ತದೆ, ಈ ಕಬ್ಬಿಣದ ಎಮ್ಮೆ ಬರೀ ತಿನ್ನುತ್ತದೆ, ಹಾಲು ಕೊಡುವುದಿಲ್ಲ ಎನ್ನುವುದು ಅವನ ವಾದ. ಬೈಯುವಾಗ ಅವನಿಗೆ ಮುಖ ತಿರುಗಿಸುವ ಚಾಳಿ. ಬಾಯಿ ಕಾಣದಿದ್ದರೆ ಅಪ್ಪನಿಗೆ ಒಂದೂ ತಿಳಿಯುತ್ತಿರಲಿಲ್ಲ. ಏನೋ ಕೇಳಿದ್ದಾನೆಂದು ಊಹಿಸಿ ಹೌದಣ್ಣಾ ಎಂದುಬಿಡುತ್ತಿದ್ದ. ಮಾರಿಬಿಡಲೇನು ಎಂದರೂ ಹೌದಣ್ಣಾ, ನಿನಗೆ ಬುದ್ಧಿಯಿಲ್ಲ ಎಂದರೂ ಹೌದಣ್ಣಾ. ತನ್ನನ್ನು ಅಣಕಿಸುತ್ತಾನೆಂದು ದೊಡ್ಡಪ್ಪ ಕೆಂಡವಾಗುತ್ತಿದ್ದ. ರೊಟ್ಟಿ ಬಡಿಯುವ ಅವ್ವನ ಕೈ ಆಗ ಜೋರಾಗುತ್ತಿತ್ತು, ಯಾರ ಮಾತೂ ಯಾರಿಗೂ ಕೇಳಿಸಬಾರದು ಎಂಬಂತೆ.

ಒಂದು ವರ್ಷ ನಮ್ಮ ಕಡೆ ಅಪರೂಪಕ್ಕೆ ಮಳೆ ಚೆನ್ನಾಗಿ ಬಂತು. ಎಂಟು ಹತ್ತು ದಿನ ಹಳ್ಳ ಇಳಿಯಲೇ ಇಲ್ಲ. ಅಪ್ಪ ದಿನಾಲೂ ನಡಮಟ್ಟ ನೀರಿನಲ್ಲಿ ಜೀಪು ದಾಟಿಸಿದ. ಮಳೆ ನಿಂತು ಹದಿನೈದು ದಿನಕ್ಕೆ ಜೀಪಿನ ದನಿ ಬದಲಾಯಿತು. ಮೊದಮೊದಲು ಗುಂಗಿಹುಳ ತೊಲೆ ಕೊರೆದ ಹಾಗೆ ಒಂದು ಗುಂಯ್ ಇತ್ತು, ಅದು ಜೀಪು ಬಂದಾಗಿನಿಂದ ಇದ್ದದ್ದೇ. ಈಗ ಅದರೊಳಗೆ ಒರಟಾದ ಇನ್ನೊಂದು ಸಪ್ಪಳ ಸೇರಿತು. ದಿನದಿನಕ್ಕೆ ಏರಿತು. ಹೊಲದಲ್ಲಿದ್ದವರು ತಲೆಯೆತ್ತಿ ನೋಡುವಷ್ಟಾಯಿತು. ಕುರಿ ಕಾಯುವ ಬೀರಣ್ಣನೆಂಬ ಮುದುಕ, ಹಟ್ಟಿಯಿಂದ ಸಂತೆಗೆ ಯಾವಾಗಲೂ ನಮ್ಮ ಜೀಪಿನಲ್ಲೇ ಹೋಗುವವನು, ರಾಚಪ್ಪನ ಜೀಪಿಗೆ ಹೆರಿಗಿ ಬ್ಯಾನಿ ಸುರುವಾಗ್ಯಾವ ಎಂದು ನಗೆಯಾಡುತ್ತಿದ್ದ. ಎಲ್ಲರಿಗೂ ಕೇಳುತ್ತಿತ್ತು. ಜೀಪಿನ ಧಣಿಗೆ ನಮಗಿಂತ ಮೊದಲೇ ಕೇಳಿರುತ್ತದೆಂದು ತಿಳಿದು ಯಾರೂ ಅವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವ್ವನೂ ಹೇಳಲಿಲ್ಲ. ಹೇಳಿದರೆ, ಊರಿಗೆಲ್ಲ ಕೇಳುವುದು ನಿನಗೆ ಕೇಳುತ್ತಿಲ್ಲ ಎಂದು ಹೇಳಿದಂತೆ. ಆ ಮಾತು ಆಡುವುದಕ್ಕೆ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ಕೊನೆಗೆ ಅದು ಬಯಲಾದದ್ದು ಬೀರಣ್ಣನ ರುಮಾಲಿನಿಂದ. ಸಂತೆಯ ದಿನ ಜತ್ತದಿಂದ ಬರುವಾಗ ಗಾಳಿಗೆ ಅವನ ರುಮಾಲು ಹಾರಿಹೋಯಿತು. ನಿಲ್ಲಿಸು ಎಂದು ಅವನು ಕೂಗಿದ. ಜೊತೆಗಿದ್ದವರೂ ಕೂಗಿದರು. ಜೀಪು ಹೋಗುತ್ತಲೇ ಇತ್ತು. ಒಂದು ದಿನ್ನೆ ಹತ್ತಿ ಇಳಿದ ಮೇಲೆ ಯಾರೋ ಹಿಂದಿನಿಂದ ಹೆಗಲು ಹಿಡಿದು ಅಲುಗಿಸಿದಾಗಲೇ ಅಪ್ಪ ನಿಲ್ಲಿಸಿದ್ದು. ನಿಲ್ಲಿಸಿ, ತಿರುಗಿ, ಒಬ್ಬೊಬ್ಬರ ಬಾಯನ್ನೂ ನೋಡಿ, ಏನಾತ್ರಿ ಎಂದು ತನ್ನ ಮೆಲುದನಿಯಲ್ಲಿ ಕೇಳಿದನಂತೆ. ಬೀರಣ್ಣ ಇಳಿದು ರುಮಾಲು ತರಲು ನಡೆದುಕೊಂಡು ಹೋದ. ಉಳಿದವರು ಮುಖ ಮುಖ ನೋಡಿಕೊಂಡರು. ಹೊತ್ತು ಮುಳುಗುವಷ್ಟರಲ್ಲಿ ಸುದ್ದಿ ದೊಡ್ಡಪ್ಪನ ಅಂಗಡಿಗೆ ಬಂದು ಮುಟ್ಟಿತ್ತು.

ಅವತ್ತು ದೊಡ್ಡಪ್ಪ ರೊಟ್ಟಿ ಮುರಿಯಲಿಲ್ಲ. ತನ್ನ ಮಣೆಯನ್ನು ಎಳೆದುಕೊಂಡು ಬಂದು ಅಪ್ಪನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುಳಿತ. ಮೊದಲ ಸಲ ಮುಖ ತಿರುಗಿಸದೆ, ಒಂದೊಂದೇ ಶಬ್ದ ಬಿಡಿಸಿ ಕೇಳಿದ:

“ರಾಚಾ, ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ಜೀಪು ತರ್ಲಾಕ ಬಿಡ್ತಿದ್ದ್ಯಾ ಅಣ್ಣಾ?”

ದೊಡ್ಡಪ್ಪ ಜೀಪಿನ ವಿಷಯಕ್ಕೆ ಬಂದ. ಜೀಪು ಸಾಯುವ ದನಿ ಮಾಡುತ್ತ ತಿಂಗಳಾಯಿತು, ಊರಿಗೆಲ್ಲ ಕೇಳಿದೆ, ನಿನಗೆ ಕೇಳಿಲ್ಲ. ನಾಳೆ ಹಳ್ಳದ ನಡುವೆ ಅದು ಮುರಿದು ಬಿದ್ದರೆ ಒಳಗಿದ್ದವರ ಜೀವಕ್ಕೆ ಯಾರು ಜವಾಬು ಎಂದ. ಅಪ್ಪನಿಗೆ ಜೀಪು ದನಿ ಮಾಡುತ್ತಿದೆ ಎಂಬುದೇ ಆಗ ತಿಳಿದದ್ದು. ಅವನು ಅಣ್ಣನ ಮುಖದಿಂದ ಕಣ್ಣು ತೆಗೆದು ಒಲೆಯ ಮುಂದಿದ್ದ ಅವ್ವನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಗಂಗಾಳದಲ್ಲಿದ್ದ ಮಜ್ಜಿಗೆಯನ್ನೇ ನೋಡುತ್ತ ಕುಳಿತೆ. ಬದುಕಿನಲ್ಲಿ ಆಮೇಲೆ ಎಷ್ಟೋ ತಪ್ಪು ಮಾಡಿದ್ದೇನೆ, ಬೈಸಿಕೊಂಡಿದ್ದೇನೆ. ಸುಮ್ಮನಿದ್ದದ್ದಕ್ಕೆ ಅಷ್ಟು ನಾಚಿಕೆಪಟ್ಟದ್ದು ಅದೊಂದೇ ಸಲ.

ದೊಡ್ಡಪ್ಪ ಮಿರಜದಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದ. ಅವನು ಜೀಪನ್ನು ಹಳ್ಳದವರೆಗೆ ಒಮ್ಮೆ ಓಡಿಸಿ ತಂದು, ಗೇರಿನ ದೊಡ್ಡ ಪೆಟ್ಟಿಗೆ ಪೂರ್ತಿ ಹೋಗಿದೆ, ಇದು ಇನ್ನು ಗುಜರಿಗೇ ಸರಿ, ಎಂಟು ದಿನ ಬಿಟ್ಟು ಆಳು ಕಳಿಸಿ ಒಯ್ಯುತ್ತೇನೆ ಎಂದು ಹೇಳಿ ಚಹಾ ಕುಡಿದು ಹೋದ. ಅಪ್ಪ ಜೀಪಿನ ಮುಂದೆ ಕೈಕಟ್ಟಿ ನಿಂತಿದ್ದ. ಕೈ ಇಟ್ಟರೆ ಅದರ ನಡುಕ ತಿಳಿಯುತ್ತಿತ್ತು ಅವನಿಗೆ. ಆದರೆ ಒಳಗೆ ಯಾವ ಗಾಲಿಯ ಯಾವ ಹಲ್ಲು ಕೂಗುತ್ತಿದೆ ಎಂಬುದನ್ನು ನಡುಕ ಹೇಳುವುದಿಲ್ಲ.

ಮರುದಿನ ಮುಂಜಾನೆ ನಾನು ಸಾಲೆಗೆ ಹೊರಟಾಗ ಅಪ್ಪ ತಡೆದ. ನನ್ನ ಪಾಟಿಚೀಲದಿಂದ ಪಾಟಿ, ಬಳಪ ತೆಗೆದು ನನ್ನ ಕೈಗೆ ಕೊಟ್ಟು, ಎತ್ತಿ ಜೀಪಿನ ಮುಂದಿನ ಸೀಟಿನಲ್ಲಿ ಕೂಡಿಸಿದ.

“ಹೆಂಗ ಕೇಳತದ ಅಷ್ಟ ಹೇಳು. ಯಾಕ ಅನ್ನೂದು ನಾ ನೋಡ್ಕೋತೀನಿ.”

ನಾನು ಮುಂದೆ ಮಿರಜದಲ್ಲಿ ನರ್ಸಿನ ಕೆಲಸ ಕಲಿತು ಮೂವತ್ತು ವರ್ಷ ರೋಗಿಗಳ ಮಂಚದ ಪಕ್ಕ ನಿಂತವಳು. ಎಲ್ಲಿ, ಹೇಗೆ ನೋಯುತ್ತದೆ ಅಷ್ಟು ಹೇಳಿ, ಯಾಕೆ ಎಂಬುದು ಬೇಡ ಎಂದು ಅವರಿಗೆ ಹೇಳುವಾಗಲೆಲ್ಲ ನನ್ನ ಬಾಯಲ್ಲಿ ಅಪ್ಪನ ಮಾತೇ ಇರುತ್ತಿತ್ತು. ಆದರೆ ಆ ಮುಂಜಾನೆ ಅದು ನನಗೆ ಬಹಳ ಕಷ್ಟದ ಕೆಲಸವಾಗಿ ಕಂಡಿತು. ಸಾಲೆಯಲ್ಲಿ ಕಲಿತದ್ದು ಮರಾಠಿ, ಅವ್ವ ಕಲಿಸಿದ್ದು ಅಷ್ಟಿಷ್ಟು ಕನ್ನಡ. ಎರಡರಲ್ಲೂ ಗೇರಿನ ಸಪ್ಪಳಕ್ಕೆ ನನ್ನ ಬಳಿ ಶಬ್ದವಿರಲಿಲ್ಲ. ಜೋರು ಎಂದು ಬರೆದೆ. ಅಪ್ಪ ಅಂಗೈಯಿಂದ ಒರೆಸಿ, ಜೋರು ಎಂದರೆ ಯಾವುದರ ಹಾಗೆ ಜೋರು ಎಂದು ಕೇಳಿದ. ಜೀಪು ನಿಲ್ಲಿಸಿಕೊಂಡೇ ಎಂಜಿನ್ನು ಓಡಿಸಿದ, ಆ ಸಪ್ಪಳವಿಲ್ಲ. ಮೊದಲನೇ ಗೇರಿನಲ್ಲಿ ನಡೆಸಿದ, ಇದೆ. ಎರಡನೆಯದು, ಮೂರನೆಯದು, ಅಲ್ಲೂ ಇದೆ. ಮೂರನೆಯದರಲ್ಲಿ ದೊಡ್ಡ ಪೆಟ್ಟಿಗೆಯ ಹಲ್ಲುಗಳಿಗೆ ಕೆಲಸವೇ ಇರುವುದಿಲ್ಲ, ಬಲ ನೇರ ದಾಟಿಹೋಗುತ್ತದೆ ಎಂದು ಅಪ್ಪ ತನ್ನಷ್ಟಕ್ಕೇ ಅಂದುಕೊಂಡ. ದಿನ್ನೆಯ ಇಳಿಜಾರಿನಲ್ಲಿ ಎಂಜಿನ್ನು ಬಂದ್ ಮಾಡಿ, ಗೇರು ತೆಗೆದು ಜೀಪನ್ನು ಸುಮ್ಮನೆ ಉರುಳಲು ಬಿಟ್ಟ. ಗಾಳಿ ಬಿಟ್ಟರೆ ಬೇರೆ ಏನೂ ಇಲ್ಲದ ಆ ಬಯಲಿನಲ್ಲಿ, ನನ್ನ ಕಾಲ ಕೆಳಗೆ ಆ ಸಪ್ಪಳ ಒಂದೇ ಉಳಿದುಕೊಂಡಿತ್ತು. ಇದೆ ಎಂದು ಬರೆದೆ. ಅಪ್ಪನ ಮುಖದಲ್ಲಿ ಬೆಳಕು ಬಂದದ್ದನ್ನು ನೋಡಿದೆ. ಹಾಗಾದರೆ ಮಿಸ್ತ್ರಿ ಹೇಳಿದ್ದು ಸುಳ್ಳು, ದೊಡ್ಡ ಪೆಟ್ಟಿಗೆಗೆ ಏನೂ ಆಗಿಲ್ಲ, ಹಿಂದಿನ ಸಣ್ಣ ಪೆಟ್ಟಿಗೆಯಲ್ಲೇ ಏನೋ ಆಗಿದೆ ಎಂದ.

ಆದರೂ ಸಪ್ಪಳ ಹೇಗಿದೆ ಎಂದು ಹೇಳಲು ನನಗೆ ಬಂದಿರಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ಜೀಪನ್ನು ಕೊಟ್ಟಿಗೆಯೊಳಗೇ ಹಿಂದೆ ಮುಂದೆ ಮಾಡುತ್ತಿದ್ದ. ನಾನು ಓಡಿಹೋಗಿ ಅವ್ವನನ್ನು ಕರೆದೆ. ಅವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಯ ಮೆಟ್ಟಿಲ ಮೇಲೆ ಬಂದು ನಿಂತು, ತಲೆ ಓರೆ ಮಾಡಿ ಕೇಳಿದಳು. ಎಷ್ಟೋ ದಿನದಿಂದ ಅವಳೊಳಗೆ ಇದ್ದ ಮಾತೇ ಇರಬೇಕು, ತಡೆಯಿಲ್ಲದೆ ಬಂತು:

“ಬರಿಗಲ್ಲು ಬೀಸಿದಂಗದ. ಕಾಳು ತೀರಿದ ಮ್ಯಾಲೂ ಬೀಸ್ಕೋತ ಹ್ವಾದ್ರ ಕಲ್ಲಿಗಿ ಕಲ್ಲು ಹತ್ತಿ ಹಿಂಗ ಒದರತದ.”

ನಾನು ಪಾಟಿಯ ಮೇಲೆ ಬರಿಗಲ್ಲು ಎಂದು ಬರೆದು ಹಿಡಿದೆ. ಅಪ್ಪ ಅದನ್ನು ಎರಡು ಸಲ ಓದಿದ. ಎಂಜಿನ್ನು ನಿಲ್ಲಿಸಿ ಇಳಿದು ಬಂದು ಮೆಟ್ಟಿಲ ಮೇಲಿದ್ದ ಅವ್ವನನ್ನು ನೋಡಿ ನಕ್ಕ. ಕಲ್ಲಿಗೆ ಕಾಳು ಹೇಗೋ ಹಲ್ಲಿಗೆ ಎಣ್ಣೆ ಹಾಗೆ. ಜೀಪಿನ ಕೆಳಗೆ ತೂರಿ ಸಣ್ಣ ಪೆಟ್ಟಿಗೆಯ ತಳದ ತಿರುಪು ಬಿಚ್ಚಿದರೆ ಎಣ್ಣೆಯ ಬದಲು ಬೆಳ್ಳಗೆ ಮಜ್ಜಿಗೆಯಂಥದ್ದು ಸುರಿಯಿತು. ಹಳ್ಳದ ನೀರು ಒಳಗೆ ಹೊಕ್ಕು ಎಣ್ಣೆಯೊಡನೆ ಕಡೆದುಕೊಂಡಿತ್ತು. ಅದನ್ನೆಲ್ಲ ಬಸಿದು, ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ತುಂಬಿದ. ಸಪ್ಪಳ ಅರ್ಧ ಇಳಿಯಿತು. ಅರ್ಧ ಉಳಿಯಿತು. ಒಳಗೆ ಏನೋ ಸವೆದಿತ್ತು.

ಯಾವುದು ಸವೆದಿದೆ ಎಂದು ಹುಡುಕಲು ಅಪ್ಪ ಜೀಪನ್ನು ಎತ್ತಿ, ನಾಲ್ಕೂ ಗಾಲಿ ನೆಲ ಬಿಡುವ ಹಾಗೆ ಕಲ್ಲುಗಳ ಮೇಲೆ ಕೂಡಿಸಿದ. ಎಂಜಿನ್ನು ಹಚ್ಚಿ ಗೇರು ಹಾಕಿ, ಗಾಲಿಗಳು ಗಾಳಿಯಲ್ಲೇ ತಿರುಗುತ್ತಿರುವಾಗ ತಾನು ಕೆಳಗೆ ಅಂಗಾತ ಮಲಗಿ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತಿದ್ದ. ಎರಡೂ ಕೈಗೆ ಕೆಲಸವಿದ್ದುದರಿಂದ ಉದ್ದನೆಯ ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ. ನನಗೆ ಹೊರಗಿನಿಂದ ಕಾಣುತ್ತಿದ್ದುದು ಅವನ ಕಾಲು ಮಾತ್ರ. ಇದ್ದಕ್ಕಿದ್ದ ಹಾಗೆ ಆ ಕಾಲಬೆರಳುಗಳು ಸೆಟೆದುಕೊಂಡವು. ಬಹಳ ಹೊತ್ತು ಅಲುಗಲಿಲ್ಲ. ನನಗೆ ಹೆದರಿಕೆಯಾಗಿ ಬಗ್ಗಿ ನೋಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಹಿಡಿಯನ್ನು ಹಲ್ಲಲ್ಲಿ ಬಿಗಿಯಾಗಿ ಕಚ್ಚಿ, ಅದರ ತುದಿಯನ್ನು ಪೆಟ್ಟಿಗೆಯ ಮೇಲೆ ಒಂದು ಕಡೆ ಇಡುತ್ತಿದ್ದ, ತೆಗೆಯುತ್ತಿದ್ದ, ಇನ್ನೊಂದು ಕಡೆ ಇಡುತ್ತಿದ್ದ. ನಡುವಿನ ಒಂದು ಜಾಗಕ್ಕೆ ಬಂದಾಗ ನಿಂತ. ಆಮೇಲೆ ತೆವಳಿ ಹೊರಗೆ ಬಂದು, ಎಂಜಿನ್ನು ಆರಿಸಿ, ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಹೇಳಿದ:

“ಕೇಳಿಸ್ತು.”

ನಾನು ನಂಬಲಿಲ್ಲ. ಅವನಿಗೂ ಪೂರ್ತಿ ನಂಬಿಕೆ ಬಂದಂತಿರಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ ಹೋಳಿಗೆ ಲಟ್ಟಿಸುವ ಅವ್ವನ ಲಟ್ಟಣಿಗೆ ತಂದ. ಅದರ ಒಂದು ತುದಿಯನ್ನು ತನ್ನ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಕಚ್ಚಲು ನನಗೆ ಸನ್ನೆ ಮಾಡಿದ. ಲಟ್ಟಣಿಗೆ ಎಷ್ಟು ಉದ್ದವಿರುತ್ತದೆ, ನಮ್ಮಿಬ್ಬರ ಮುಖ ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಅವನ ರೆಪ್ಪೆಯ ಮೇಲಿನ ಮಣ್ಣು, ಗಲ್ಲದ ಮೇಲಿನ ಗ್ರೀಸು ಎಲ್ಲ ಕಾಣುತ್ತಿತ್ತು. ಮಾತಾಡು ಎಂದು ಕೈ ಮಾಡಿದ. ಅಪ್ಪಾ ಎಂದೆ. ಬಾಯಲ್ಲಿ ಕಟ್ಟಿಗೆ ಇದ್ದುದರಿಂದ ಅದು ಏನೋ ಒಂದು ಹಾಗೆ ಬಂತು. ಅವನ ಕಣ್ಣು ಅಗಲವಾದವು. ಮತ್ತೆ ಮಾತಾಡು ಎಂದು ಕೈ ಮಾಡಿದ. ಅವನಿಗೆ ಹೇಳಬೇಕೆಂದು ಎಷ್ಟು ವರ್ಷದಿಂದ ಎಷ್ಟು ಕೂಡಿಟ್ಟಿದ್ದೆನೋ, ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಸಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದ ಮರಾಠಿ ಮಗ್ಗಿ ತಾನಾಗಿಯೇ ಹೊರಟಿತು. ಬೇ ಏಕೇ ಬೇ, ಬೇ ದುಣೇ ಚಾರ್. ಎರಡರ ಮಗ್ಗಿ ಮುಗಿದು ಮೂರರದು ಬಂತು, ನಾಲ್ಕರದು ಬಂತು. ಅಪ್ಪ ಲಟ್ಟಣಿಗೆ ಬಿಡಲಿಲ್ಲ. ಅವನ ಕಣ್ಣಿನಿಂದ ನೀರು ಇಳಿದು ಗಲ್ಲದ ಗ್ರೀಸಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಹತ್ತು ವರ್ಷದ ಮಗಳ ದನಿಯನ್ನು ಅವನು ಅವತ್ತೇ ಮೊದಲು ಕೇಳಿದ್ದು.

ಅಂಗಡಿಯ ಹಿಂಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದನ್ನು ನಾನು ನೋಡಿರಲಿಲ್ಲ. ಐದರ ಮಗ್ಗಿಯಲ್ಲಿ ತಪ್ಪಿದಾಗ ಅವನೇ ಬಂದು ನನ್ನ ಬಾಯಿಂದ ಲಟ್ಟಣಿಗೆ ತೆಗೆದುಕೊಂಡ. ದೋತರದ ಚುಂಗಿನಿಂದ ಒರೆಸಿ ತಾನು ಕಚ್ಚಿ, ರಾಚಾ ಎಂದು ಒಂದೇ ಸಲ ಕರೆದ. ಅಪ್ಪ ಈ ಸಲ ಹೌದಣ್ಣಾ ಎನ್ನಲಿಲ್ಲ, ಓ ಎಂದ. ಮರುದಿನ ದೊಡ್ಡಪ್ಪ ಅಂಗಡಿಯನ್ನು ದೊಡ್ಡವ್ವನಿಗೆ ಒಪ್ಪಿಸಿ ತಾನೇ ರೈಲು ಹಿಡಿದು ಪುಣೆಗೆ ಹೋದ. ಬೇಕಾದ ಸಾಮಾನಿನ ಚಿತ್ರವನ್ನು ಅಪ್ಪ ನನ್ನ ಪಾಟಿಯ ಮೇಲೆ ಬರೆದುಕೊಟ್ಟಿದ್ದ, ದೊಡ್ಡಪ್ಪ ಆ ಪಾಟಿಯನ್ನೇ ಒಯ್ದಿದ್ದ. ಮೂರು ದಿನದ ಮೇಲೆ ತಿರುಗಿ ಬಂದಾಗ ಅವನ ಪಂಚೆಯ ಗಂಟಿನಲ್ಲಿ, ಎಲ್ಲೋ ಬಿಚ್ಚಿಹಾಕಿದ ಇನ್ನೊಂದು ಜೀಪಿನ ಸಣ್ಣ ಪೆಟ್ಟಿಗೆಯ ಅಚ್ಚು, ಒಂದು ಪುಡಿಕೆ ಹೊಳೆಯುವ ಉಕ್ಕಿನ ಕಡ್ಡಿಗಳು ಇದ್ದವು. ಪಾಟಿಯ ಮೇಲಿನ ಚಿತ್ರ ಅಳಿಸದಂತೆ ಅದರ ಮೇಲೆ ಕಾಗದ ಕಟ್ಟಿದ್ದ.

ಸಣ್ಣ ಪೆಟ್ಟಿಗೆ ಬಿಚ್ಚಿದಾಗ ಅಪ್ಪ ಹಲ್ಲಿನಿಂದ ಕೇಳಿ ಗುರುತಿಸಿದ ಜಾಗವೇ ಸರಿಯಿತ್ತು. ನಡುವಿನ ಹಲ್ಲಿನ ಗಾಲಿಯ ಅಚ್ಚು ಒಂದು ಮಗ್ಗುಲಿಗೆ ಸವೆದು, ಅದರ ಸುತ್ತ ಇರುವ ಸೂಜಿಯಂಥ ಕಡ್ಡಿಗಳು ತುಕ್ಕು ಹಿಡಿದು, ಕೆಲವು ಮುರಿದಿದ್ದವು. ಹೊಸ ಕಡ್ಡಿಗಳನ್ನು ಗಾಲಿಯ ತೂತಿನೊಳಗೆ ಒತ್ತೊತ್ತಾಗಿ ಜೋಡಿಸಬೇಕು, ಒಂದು ಬಿದ್ದರೆ ಎಲ್ಲ ಬೀಳುತ್ತವೆ. ಅಪ್ಪನ ಬೆರಳು ದಪ್ಪ. ಗ್ರೀಸು ಸವರಿ ಅದರಲ್ಲಿ ಕಡ್ಡಿಗಳನ್ನು ಒಂದೊಂದಾಗಿ ನಿಲ್ಲಿಸಿದ್ದು ನಾನು. ಅವ್ವ ಪಕ್ಕದಲ್ಲಿ ಕುಳಿತು ಶ್ಯಾವಿಗೆ ಹೊಸೆಯುವಾಗ ಹೇಳುವ ಹಾಗೆ, ಅವಸರ ಬ್ಯಾಡ, ಉಸುರು ಬಿಗೀಬ್ಯಾಡ ಎನ್ನುತ್ತಿದ್ದಳು. ಎಲ್ಲ ಜೋಡಿಸಿ, ಎಣ್ಣೆ ತುಂಬಿ, ಜೀಪು ಹೊರಗೆ ತೆಗೆದಾಗ ಒರಟು ಸಪ್ಪಳ ಹೋಗಿತ್ತು. ಗುಂಗಿಹುಳದ ಗುಂಯ್ ಮಾತ್ರ ಇತ್ತು. ನಾನು ಅಳುಮುಖ ಮಾಡಿ ಅದನ್ನು ಪಾಟಿಯ ಮೇಲೆ ಬರೆದೆ. ಅಪ್ಪ ಸ್ಕ್ರೂಡ್ರೈವರಿನ ಹಿಡಿ ಕಚ್ಚಿ ಕೇಳಿ ನೋಡಿ, ತಲೆಯಾಡಿಸಿದ.

“ಅದು ಇರಬೇಕು. ಹಲ್ಲಿಗಿ ಹಲ್ಲು ಕೂಡಿದ ಮ್ಯಾಲ ಅಷ್ಟರ ಮಾತು ಬ್ಯಾಡೇನು?”

ಮಿಸ್ತ್ರಿಯ ಆಳುಗಳು ಹೇಳಿದ ದಿನವೇ ಬಂದರು. ದೊಡ್ಡಪ್ಪ ಅವರಿಗೆ ಮಜ್ಜಿಗೆ ಕೊಟ್ಟು, ಜೀಪಿನಲ್ಲೇ ಒಂದು ಸುತ್ತು ಹಾಕಿಸಿ, ಬರಿಗೈಯಲ್ಲಿ ಕಳಿಸಿದ.

ಜೀಪು ಸರಿಹೋಯಿತು. ಊರಿನವರ ಮನಸ್ಸು ಸರಿಹೋಗುವುದು ಬೇರೆ ಮಾತು. ಕಿವಿ ಕೇಳದವನ ಜೀಪಿನಲ್ಲಿ ಕೂಡುವುದು ಹೇಗೆ ಎಂದು ಕಟ್ಟೆಯ ಮೇಲೆ ಚರ್ಚೆ ನಡೆದಿತ್ತು. ಇನ್ನು ಮುಚ್ಚಿಡುವುದು ಬೇಡ ಎಂದು ಅಪ್ಪನೇ ನಿರ್ಧರಿಸಿದ. ಸಂತೆಯ ದಿನ ಬೆಳಿಗ್ಗೆ ಜೀಪನ್ನು ಬೇವಿನ ಕಟ್ಟೆಯ ಮುಂದೆ ತಂದು ನಿಲ್ಲಿಸಿ, ಸೀಟಿನ ಮೇಲೆ ಎದ್ದು ನಿಂತ. ಕೈಯಲ್ಲಿ ಒಂದು ತೆಳ್ಳನೆಯ ಹಗ್ಗ ಇತ್ತು. ಅದರ ಒಂದು ತುದಿ ಅವನ ಎಡದೋಳಿಗೆ ಕಟ್ಟಿತ್ತು, ಇನ್ನೊಂದು ಹಿಂದಿನ ಸೀಟಿನ ಕಬ್ಬಿಣಕ್ಕೆ. ಅಷ್ಟು ಜನರ ಮುಂದೆ ಅವನು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೆಲುದನಿ ಬಿಟ್ಟು, ಅಂದಾಜಿನ ಮೇಲೆ ದನಿ ಎತ್ತಿದ್ದ.

“ನನಗ ಕಿವಿ ಕೇಳಂಗಿಲ್ರಿ. ಮುಚ್ಚಿಟ್ಟಿದ್ದು ನಂದು ತಪ್ಪು. ನಿಲ್ಲಸಬೇಕಂದ್ರ ಈ ಹಗ್ಗ ಜಗ್ರಿ, ನಿಲ್ಲಸ್ತೀನಿ. ಜೀಪು ಚಲೋ ಅದ. ಬರವರು ಬರ್ರಿ.”

ಯಾರೂ ಬರಲಿಲ್ಲ. ಗಂಡಸರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ ಒಬ್ಬರ ಹಿಂದೆ ಒಬ್ಬರು ನಿಂತರು. ಬೀರಣ್ಣ ಕೂಡ ನೆಲ ನೋಡುತ್ತಿದ್ದ. ಸಂತೆಗೆ ಹೊರಟ ಏಳೆಂಟು ಹೆಂಗಸರು ಬುಟ್ಟಿ ಇಟ್ಟುಕೊಂಡು ಒಂದು ಬದಿಗೆ ಕೂತಿದ್ದರು. ಅವರು ಯಾವಾಗಲೂ ನಡೆದೇ ಹೋಗುವವರು. ಅಪ್ಪ ನಿಂತೇ ಇದ್ದ. ನಾನು ಹಿಂದಿನ ಸೀಟಿನಲ್ಲಿ ಹಗ್ಗದ ಹತ್ತಿರ ಕುಳಿತಿದ್ದೆ.

ಆಗ ನಮ್ಮ ಮನೆಯ ತಲಬಾಗಿಲಿನಿಂದ ಅವ್ವ ಹೊರಗೆ ಬಂದಳು. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಅವಳು ಗಂಡಸರು ಕೂಡುವ ಆ ಕಟ್ಟೆಯ ಕಡೆಗೆ ಕಾಲಿಟ್ಟವಳಲ್ಲ. ತಲೆಯ ಮೇಲೆ ಸೆರಗು ಹೊದ್ದು, ಬಗಲಲ್ಲಿ ಒಂದು ಬುಟ್ಟಿ ಹಿಡಿದು, ಅಂಗಡಿಯ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನ ಮುಂದೆಯೇ ಹಾದು ಬಂದಳು. ದೊಡ್ಡಪ್ಪ ತಕ್ಕಡಿಯ ದಾರ ಸರಿಮಾಡುವವನಂತೆ ಒಳಗೆ ತಿರುಗಿಕೊಂಡ. ಅವ್ವ ಯಾರನ್ನೂ ನೋಡದೆ ಬಂದು, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಜೀಪಿನ ಮುಂದಿನ ಸೀಟಿಗೆ ಹತ್ತಿ ಅಪ್ಪನ ಪಕ್ಕ ಕುಳಿತಳು. ಸೆರಗು ಹಾರದಂತೆ ತುದಿಯನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಆಮೇಲೆ ಬದಿಗೆ ಕೂತಿದ್ದ ಹೆಂಗಸರ ಕಡೆ ತಿರುಗಿ ಹೇಳಿದಳು:

“ಬರ್ರೆವ್ವಾ, ಬಿಸಲ ಏರತದ. ಲಗೂನ ಕುಂದ್ರಿ.”

ಮೊದಲು ಒಬ್ಬಳು ಎದ್ದಳು. ಅವಳ ಬೆನ್ನಿಗೆ ಇನ್ನೊಬ್ಬಳು. ನಗುತ್ತ, ಒಬ್ಬರನ್ನೊಬ್ಬರು ದಬ್ಬುತ್ತ, ಬುಟ್ಟಿಗಳ ಸಮೇತ ಎಲ್ಲರೂ ಹತ್ತಿದರು. ಒಬ್ಬಾಕೆ ಹತ್ತಿದ ಕೂಡಲೇ ಹಗ್ಗ ಜಗ್ಗಿ ನೋಡಿದಳು. ಅಪ್ಪ ತಿರುಗಿ, ಇನ್ನೂ ಸುರು ಆಗಿಲ್ರಿ ಎಂದ; ಇಡೀ ಜೀಪು ನಕ್ಕಿತು. ಕಾಲಿಡಲು ಜಾಗವಿಲ್ಲದಷ್ಟು ತುಂಬಿದ ಮೇಲೆ ಅಪ್ಪ ಎಂಜಿನ್ನು ಹಚ್ಚಿ, ಗೇರು ಹಾಕಿ ಹೊರಟ. ಅವತ್ತು ಜತ್ತದ ಸಂತೆಗೆ ನಮ್ಮೂರ ಗಂಡಸರೆಲ್ಲ ನಡೆದೇ ಹೋದರು.